ಉಪದೇಶಿ ರಾಯಪ್ಪನ ಗಂಟಲು

ಮರಳವಾಡಿಯಿಂದ ಎರಡು ಹರದಾರಿ ದೂರದ ಗುಂಡ್ಲಪಾಳ್ಯದಲ್ಲಿ ಆಗ ನಲವತ್ತು ಮನೆ ಕ್ರೈಸ್ತರಿದ್ದರು, ಅರವತ್ತು ಮನೆ ಒಕ್ಕಲಿಗರಿದ್ದರು, ಒಂದು ಕೆರೆ ಇತ್ತು, ಒಂದು ಗಂಟಲಿತ್ತು. ಗಂಟಲು ಉಪದೇಶಿ ರಾಯಪ್ಪನದು.

ಜನ ಗುಡಿ ಎನ್ನುತ್ತಿದ್ದ ಚರ್ಚಿಗೆ ಪಾದ್ರಿ ಗುರುಸ್ವಾಮಿಗಳು ಎರಡು ತಿಂಗಳಿಗೊಮ್ಮೆ ಕುದುರೆಯೇರಿ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಗುಡಿಯಲ್ಲಿ ಜಪ ನಡೆಸುವುದು, ಮಕ್ಕಳಿಗೆ ಜ್ಞಾನೋಪದೇಶ ಬಾಯಿಪಾಠ ಮಾಡಿಸುವುದು, ಸತ್ತವರ ಮನೆಗೆ ಹೋಗಿ ಪ್ರಾರ್ಥನೆ ಹೇಳುವುದು, ಎಲ್ಲವೂ ರಾಯಪ್ಪನ ಪಾಲು. ಅದಕ್ಕೆಂದೇ ಗುಡಿಯ ಪಕ್ಕದ ಎರಡು ಅಂಕಣದ ಹೆಂಚಿನ ಮನೆಯನ್ನು ಅವನಿಗೆ ಬಿಟ್ಟುಕೊಟ್ಟಿದ್ದರು. ಇಪ್ಪತ್ತೆರಡು ವರ್ಷದಿಂದ ಅವನು ಈ ಕೆಲಸ ಮಾಡುತ್ತಿದ್ದ, ಇಪ್ಪತ್ತೆರಡು ವರ್ಷದಿಂದ ಯಾವ ಪ್ರಾರ್ಥನೆಯನ್ನೂ ಚಿಕ್ಕದಾಗಿ ಮುಗಿಸಿರಲಿಲ್ಲ. ಸಂಜೆ ಅವನು ಪರಲೋಕ ಮಂತ್ರ ಎತ್ತಿಕೊಂಡರೆ ಕೆರೆಯಾಚೆ ಮೇಯುತ್ತಿದ್ದ ದನಗಳು ತಲೆಯೆತ್ತುತ್ತಿದ್ದವು.

"ರಾಯಪ್ಪ ದೇವ್ರನ್ನ ಕರೀತಾವ್ನೆ. ಎತ್ತು ಹೊಡ್ಕಂಡು ನಡೀರ್ಲಾ ಮನೆಗೆ," ಎನ್ನುತ್ತಿದ್ದ ಒಕ್ಕಲಿಗರ ಮುನಿಯಪ್ಪ. ಅವನಿಗೆ ಬೇರೆ ಗಡಿಯಾರ ಇರಲಿಲ್ಲ.

ತಾನು ದೇವರಿಗೆ ಹತ್ತಿರದವನು ಎಂಬುದರಲ್ಲಿ ರಾಯಪ್ಪನಿಗೆ ಸಂಶಯವಿರಲಿಲ್ಲ. ಅಷ್ಟು ಗಟ್ಟಿಯಾಗಿ ಕರೆಯುವವನ ದನಿ ಕೇಳದಿದ್ದರೆ ಇನ್ನಾರದು ಕೇಳೀತು?

ಸಾವಿರದ ಒಂಬೈನೂರ ಹನ್ನೊಂದರ ಬೂದಿ ಬುಧವಾರ, ಅಂದರೆ ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚಿನ ತಪಸ್ಸು ಕಾಲ ಶುರುವಾಗುವ ದಿನ, ಕಳೆದ ಮೂರನೇ ದಿನ ಅವನಿಗೆ ಜ್ವರ ಬಂತು. ಗಂಟಲು ಊದಿಕೊಂಡಿತು. ವಾರದ ಮೇಲೆ ಊತ ಇಳಿಯಿತು. ಇಳಿಯುವಾಗ ದನಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಬಾಯಿ ತೆರೆದರೆ ಕಮ್ಮಾರನ ತಿದಿಯಿಂದ ಬರುವಂತೆ ಬರೀ ಗಾಳಿ.

ಊರಿಗೆ ಊರೇ ವೈದ್ಯವಾಯಿತು. ಬಜೆ ತೇಯ್ದರು, ಜೇನು ನೆಕ್ಕಿಸಿದರು. ಕಾನಕಾನಹಳ್ಳಿಯ, ಅಂದರೆ ಈಗಿನ ಕನಕಪುರದ, ಪಂಡಿತರು ಜ್ಯೇಷ್ಠಮಧು ಕೊಟ್ಟರು. ಆಗ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರದ ಡಾಕ್ಟರು ನಾಲಿಗೆ ಒತ್ತಿ ಹಿಡಿದು ನೋಡಿ, "ನರ ಸೊರಗಿದೆ. ಬಂದರೂ ಬರಬಹುದು, ಬಾರದೆಯೂ ಇರಬಹುದು," ಎಂದರು.

ಹೆಂಡತಿ ಮದಲೇನಮ್ಮ ದಿನಕ್ಕೆ ನಾಲ್ಕು ಸಲ ಕಷಾಯ ಕಾಸಿ ಕುಡಿಸಿದಳು. ನೆರೆಯವರು ಮರುಗಿದರೆ ಮಾತ್ರ ನಗುತ್ತಿದ್ದಳು. "ಮದ್ವೆ ಆದ ಮೂವತ್ತು ವರ್ಸದಿಂದ ಮಾತಾಡಾಕೆ ನಂಗೆ ಸಂದೇ ಸಿಕ್ಕಿರ್ನಿಲ್ಲ ಕಣಕ್ಕ. ಒಸಿ ದಿನ ನಾನೂ ಮಾತಾಡ್ಕತೀನಿ ಬುಡಿ." ಆಮೇಲೆ ಒಳಗೆ ಹೋಗಿ ಸೆರಗಿನಿಂದ ಮೂಗು ಒರೆಸಿಕೊಂಡು ಬರುತ್ತಿದ್ದಳು.

ಸಂಜೆಯ ಜಪವನ್ನು ಇನ್ನಾಸಪ್ಪ ಎಂಬ ಹುಡುಗ ಹಿಡಿದುಕೊಂಡ. ಇಪ್ಪತ್ತನಾಲ್ಕು ವಯಸ್ಸು, ಬೆಂಗಳೂರಿನ ಮಿಷನ್ ಶಾಲೆಯಲ್ಲಿ ಓದಿದವನು, ಒಳ್ಳೆಯವನು. ದನಿ ಸಣ್ಣದು, ಓಟ ಜೋರು. ರಾಯಪ್ಪ ಒಂದು ಗಂಟೆ ಹಿಡಿಯುತ್ತಿದ್ದ ಜಪಸರವನ್ನು ಅವನು ಕಾಲು ಗಂಟೆಯಲ್ಲಿ ದಡ ಮುಟ್ಟಿಸುತ್ತಿದ್ದ. ಹೊರಗೆ ಬರುವಾಗ ಜನ ಆಡಿಕೊಂಡದ್ದು ರಾಯಪ್ಪನ ಕಿವಿಗೂ ಬಿತ್ತು.

"ಮುದ್ದೆ ಬಿಸಿ ಇರೋವಾಗ್ಲೇ ಮನೆಗೆ ಹೋಯ್ತಾ ಇವ್ನಿ ನೋಡ್ಲಾ. ಎಷ್ಟು ವರ್ಸ ಆಗಿತ್ತು!"

ಗಂಟಲಿಗಿಂತ ಹೆಚ್ಚು ನೋವಾದದ್ದು ಆ ಮಾತಿನಿಂದ.

ತಪಸ್ಸು ಕಾಲದ ನಾಲ್ಕನೇ ವಾರ ಗುರುಸ್ವಾಮಿಗಳ ಕಾಗದ ಬಂತು. ದೊಡ್ಡ ಗುರುವಾರದ ಹೊತ್ತಿಗೆ ಬರುತ್ತೇನೆ, ಭಾನುವಾರದ ಪಾಸ್ಕ ಹಬ್ಬ ಮುಗಿಸಿಕೊಂಡು ಹೋಗುತ್ತೇನೆ, ಅಷ್ಟರಲ್ಲಿ ಸ್ವರ ಬಾರದಿದ್ದರೆ ಕೆಲಸವನ್ನೂ ಮನೆಯನ್ನೂ ಇನ್ನಾಸಪ್ಪನಿಗೆ ಒಪ್ಪಿಸುವ ಯೋಚನೆ ಮಾಡಬೇಕಾದೀತು, ದೇವರ ಚಿತ್ತ. ಈ ಕೊನೆಯ ಮಾತನ್ನು ರಾಯಪ್ಪ ನೂರಾರು ಮನೆಗಳಲ್ಲಿ ಹೇಳಿದ್ದ. ತನಗೆ ಒಬ್ಬರು ಹೇಳಿದ್ದು ಇದೇ ಮೊದಲು. ಹೇಳುವಾಗ ಇದ್ದಷ್ಟು ಹಗುರ ಕೇಳುವಾಗ ಇರಲಿಲ್ಲ.

ಅವತ್ತು ಮಧ್ಯಾಹ್ನ ಅವನೊಬ್ಬನೇ ಗುಡಿಗೆ ಹೋಗಿ ಮೊಣಕಾಲೂರಿದ. ದನಿಯಿಲ್ಲದಿದ್ದರೇನು, ಮನಸ್ಸಿನಲ್ಲೇ ಪ್ರಾರ್ಥಿಸಬಹುದಲ್ಲ ಎಂದುಕೊಂಡ. ಪರಲೋಕ ಮಂತ್ರ ಎರಡು ಸಾಲು ಹೋಯಿತು. ಮೂರನೆಯ ಸಾಲಿಗೆ ಕಿಟಕಿಯಲ್ಲಿ ಒಂದು ಕೋಳಿ ಕಂಡಿತು. ಯಾರ ಮನೆಯದು ಎಂದು ಯೋಚಿಸಿದ. ಮತ್ತೆ ಮೊದಲಿನಿಂದ ಹಿಡಿದ. ಮತ್ತೆ ಎರಡೇ ಸಾಲು. ಕಿವಿಗೆ ತನ್ನ ದನಿ ಬೀಳದಿದ್ದರೆ ಮುಂದಿನ ಮಾತೇ ಹೊಳೆಯುತ್ತಿರಲಿಲ್ಲ. ಇಷ್ಟು ವರ್ಷ ನಾನು ಕೇಳಿಸುತ್ತಿದ್ದದ್ದು ಯಾರಿಗೆ? ಆ ಪ್ರಶ್ನೆಯನ್ನು ಅವನು ಅಲ್ಲೇ ಬಿಟ್ಟು ಎದ್ದು ಬಂದ. ಅದು ಹಿಂದೆಯೇ ಬಂತು.

ಈ ನಡುವೆ ಇನ್ನೊಂದು ಕೆಲಸ ತಲೆಗೆ ಬಂತು. ದೊಡ್ಡ ಗುರುವಾರದ ಪೂಜೆಯಿಂದ ಶನಿವಾರದ ಪೂಜೆಯವರೆಗೆ, ಶಿಲುಬೆಗೇರಿದ ಸ್ವಾಮಿಯ ಮರಣದ ದುಃಖಕ್ಕಾಗಿ, ಗುಡಿಯ ಗಂಟೆ ಬಾರಿಸುವಂತಿಲ್ಲ. ಹಗ್ಗ ಎತ್ತಿ ಕಟ್ಟಿಬಿಡುತ್ತಾರೆ. ಜನರನ್ನು ಕರೆಯಲು ಮರದ ಗಂಟೆ ಹಿಡಿದು ಬೀದಿ ಸುತ್ತಬೇಕು. ಗಂಟೆಯೆಂದರೆ ಹಿಡಿಯಿರುವ ಒಂದು ಹಲಗೆ, ಅದರ ಎರಡೂ ಮಗ್ಗುಲಿಗೆ ಸಣ್ಣ ಕೊಡತಿ. ಅಲ್ಲಾಡಿಸಿದರೆ ಕಟಕಟ ಎನ್ನುತ್ತದೆ. ಪೆಟ್ಟಿಗೆಯಿಂದ ತೆಗೆದು ನೋಡಿದರೆ ಅದನ್ನು ಗೆದ್ದಲು ತಿಂದಿತ್ತು. ದನಿ ಬೇಡದ ಕೆಲಸ ಇದೊಂದೇ ತಾನೆ, ಇದನ್ನಾದರೂ ಚೆನ್ನಾಗಿ ಮಾಡಿ ತೋರಿಸೋಣ ಎಂದು ರಾಯಪ್ಪ ಚನ್ನಪಟ್ಟಣಕ್ಕೆ ಹೊರಟ.

"ಇನ್ನಾಸಪ್ಪನ್ನ ಕರ್ಕಂಡೋಗಿ. ಮಾತಾಡಾಕೆ ಒಬ್ರು ಬೇಡ್ವಾ?" ಎಂದಳು ಮದಲೇನಮ್ಮ.

ರಾಯಪ್ಪ ಜೇಬು ತಟ್ಟಿ ತೋರಿಸಿದ. ಒಳಗೆ ಕಾಗದವಿತ್ತು. ಬೇಕಾದದ್ದನ್ನೆಲ್ಲ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದ. ಸಮಸ್ತ ಗುಂಡ್ಲಪಾಳ್ಯ ಮೆಚ್ಚಿದ ಅಕ್ಷರ ಅದು.

ಕ್ಲೋಸ್‌ಪೇಟೆಯವರೆಗೆ ಗಾಡಿಯಲ್ಲಿ, ಅಲ್ಲಿಂದ ರೈಲಿನಲ್ಲಿ ಹೋಗಿ ಆಟಿಕೆ ಮಾಡುವ ಫಕ್ರುದ್ದೀನ್ ಸಾಹೇಬರ ಅಂಗಳ ಮುಟ್ಟಿದ. ಸಾಹೇಬರು ಕಾಗದವನ್ನು ತಲೆಕೆಳಗಾಗಿ ಹಿಡಿದು ಭಕ್ತಿಯಿಂದ ನೋಡಿ, "ನಮ್ದು ಉರ್ದು ಸಾಬ್. ಕನ್ನಡ ಬಾಯಿಗೆ ಬರ್ತದೆ, ಕಣ್ಣಿಗೆ ಬರಲ್ಲ," ಎಂದು ಪಕ್ಕಕ್ಕಿಟ್ಟರು. ಗಳಿಗೆಯೊಳಗೆ ಅದರಲ್ಲಿ ಕೈಗೆ ಹತ್ತಿದ ಅರಗನ್ನೂ ಒರೆಸಿದರು.

ಉಳಿದದ್ದು ಸನ್ನೆ. ರಾಯಪ್ಪ ಹಿಡಿಯನ್ನು ಹಿಡಿದಂತೆ ಮುಷ್ಟಿ ಮಾಡಿ ಅಲ್ಲಾಡಿಸಿದ. ದುಃಖದ ದಿನ ಎನ್ನಲು ಕಣ್ಣಿನಿಂದ ಕೆನ್ನೆಯವರೆಗೆ ಬೆರಳೆಳೆದ. ಮೂರು ಗಂಟೆಯ ಹೊತ್ತು ಎನ್ನಲು ಮೂರು ಬೆರಳು ತೋರಿಸಿದ. ಶಿಲುಬೆ ಎನ್ನಲು ಎರಡೂ ಕೈ ಚಾಚಿದ. ಕೊನೆಗೆ ದೇವರಿಗಾಗಿ ಎಂದು ಮೇಲೆ ತೋರಿಸಿದ.

ಫಕ್ರುದ್ದೀನ್ ಒಂದೊಂದನ್ನೂ ಗಮನವಿಟ್ಟು ನೋಡಿದರು. ನಿಧಾನವಾಗಿ ಅವರ ಮುಖ ಅರಳಿತು.

"ಅರೇ ವಾಹ್! ಮೂರು ತಿಂಗಳ ಮಗು, ಬಹಳ ಅಳ್ತದೆ. ದೊಡ್ಡ ಗಿಲಕಿ ಬೇಕು. ಅಲ್ಲಾ ಕೊಟ್ಟಿದ್ದು, ಅಲ್ವಾ?" ಒಳಗಿದ್ದ ಹೆಂಡತಿಯ ಕಡೆ ತಿರುಗಿ ಕೂಗಿದರು. "ಗುಲ್ಜಾರ್ ಬೀ! ಏನಾದ್ರೂ ಸಿಹಿ ತಾ! ಈ ವಯಸ್ಸಲ್ಲಿ ಇವರಿಗೆ ಮಗು ಆಗಿದೆ!"

ರಾಯಪ್ಪ ಅಲ್ಲವೆಂದು ತಲೆಯಾಡಿಸಿದ, ಕೈಯಾಡಿಸಿದ, ನರೆತ ತಲೆಯನ್ನೇ ಮುಟ್ಟಿ ತೋರಿಸಿದ.

"ನಾಚ್ಕೆ ಯಾಕೆ ಸಾಬ್? ಕೂದಲಿಗೂ ಇದಕ್ಕೂ ಏನು ಸಂಬಂಧ?"

ಗುಲ್ಜಾರ್ ಬೀ ಬೆಲ್ಲದ ಶರಬತ್ತು ತಂದುಕೊಟ್ಟು, "ತಾಯಿ ಚೆನ್ನಾಗಿದಾರಾ?" ಎಂದು ಕೇಳಿದಳು. ಮದಲೇನಮ್ಮ ಚೆನ್ನಾಗಿಯೇ ಇದ್ದಳಲ್ಲ, ರಾಯಪ್ಪ ಹೌದೆಂದು ತಲೆದೂಗಿದ. ಅಲ್ಲಿಗೆ ಸಂಗತಿ ಗಟ್ಟಿಯಾಯಿತು.

ಸಿಟ್ಟು ಬರಬೇಕಿತ್ತು. ಆದರೆ ಆ ಅಂಗಳದಲ್ಲಿ ಕೂತ ಒಂದು ತಾಸು ಅವನಿಗೆ ಯಾಕೋ ಹಿತವಾಗಿತ್ತು. ಫಕ್ರುದ್ದೀನ್ ಮರಕ್ಕೆ ಹಗ್ಗ ಸುತ್ತಿದ ಬಿಲ್ಲನ್ನು ಎಳೆದು ಬಿಟ್ಟು ಅದನ್ನು ಗರಗರ ತಿರುಗಿಸುತ್ತ, ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಿದ್ದರು. ಮಾತಿನ ಮಲ್ಲ, ಆದರೆ ಕಡ್ಡಿ ಮರಕ್ಕೆ ತಾಗಿದ ಕೂಡಲೇ ಬಾಯಿ ಮುಚ್ಚುತ್ತಿದ್ದರು. ಬಣ್ಣ ಕೂತ ಮೇಲೆ ಕೇದಗೆ ಎಲೆಯಿಂದ ಉಜ್ಜುತ್ತ ಹೇಳಿದರು: "ಬಣ್ಣ ಹಿಡಿಯೋವಾಗ ಮರದ ಸದ್ದು ಬದಲಾಗ್ತದೆ ಸಾಬ್. ನಾನು ಮಾತಾಡ್ತಾ ಇದ್ರೆ ಅದು ನನಗೆಲ್ಲಿ ಕೇಳ್ಬೇಕು?"

ಕೊನೆಗೆ, ರೇಷ್ಮೆ ಗೂಡಿನ ವ್ಯಾಪಾರಕ್ಕೆ ಮರಳವಾಡಿ ಕಡೆ ಹೋಗುವ, ಮುಖ ಕಂಡೇ ರಾಯಪ್ಪನ ಊರು ಹೇಳಿದ ಭಾವಮೈದುನ ಬಾಬಾಜಾನ್‌ನ ಕೈಯಲ್ಲಿ ವಸ್ತು ಕಳಿಸುತ್ತೇನೆಂದು ಮಾತು ಕೊಟ್ಟರು. ಹಲಗೆ ಕೊಡತಿಯ ಚಿತ್ರವನ್ನಾದರೂ ಬರೆದು ತೋರಿಸೋಣವೆಂದು ರಾಯಪ್ಪ ನೆಲದ ಮೇಲೆ ಗೀಚಿದ. ಅದು ಎರಡು ಕಿವಿಯ ಮಗುವಿನ ಮುಖದಂತೆ ಕಂಡಿತು. "ಮುದ್ದಾಗಿದೆ," ಎಂದರು ಸಾಹೇಬರು.

ದೊಡ್ಡ ಗುರುವಾರ ಬೆಳಿಗ್ಗೆ ಬಾಬಾಜಾನ್ ಬಂದೇಬಿಟ್ಟ, ಅದೂ ಗುಡಿಯ ಮುಂದೆ ಜನ ಸೇರಿದ್ದಾಗ. ಬಟ್ಟೆ ಬಿಚ್ಚಿದರೆ ಮೊಳಕೈ ಉದ್ದದ ಗಿಲಕಿ. ಕೆಂಪು, ಹಳದಿ, ಹಸಿರು ಪಟ್ಟೆ, ತುದಿಗೆ ಒಂದು ಗಿಣಿ. ಜೊತೆಗೆ ಗುಲ್ಜಾರ್ ಬೀ ಕಳಿಸಿದ ಪುಟ್ಟ ಕುಲಾವಿ.

"ಮಗು ಹೇಗಿದೆ? ಅಳೋದು ನಿಲ್ತಾ?" ಎಂದು ಬಾಬಾಜಾನ್ ಎಲ್ಲರೆದುರಿಗೇ ಕೇಳಿದ.

ಗುಂಡ್ಲಪಾಳ್ಯ ಆವತ್ತು ನಕ್ಕಷ್ಟು ಯಾವ ತಪಸ್ಸು ಕಾಲದಲ್ಲೂ ನಕ್ಕಿರಲಾರದು. ಮದಲೇನಮ್ಮ ಕುಲಾವಿಯನ್ನು ಎತ್ತಿ ಹಿಡಿದು, "ಯಾರು ಹೆರ್ತಾರಂತೆ? ನೀವಾ, ನಾನಾ?" ಎಂದಳು. ಮುನಿಯಪ್ಪನಂತೂ ನಗು ತಾಳದೆ ಗುಡಿಯ ಮುಂದಿನ ಕೆರೆ ಏರಿಯ ಮೇಲೆ ಕೂತೇಬಿಟ್ಟ. "ಲೇ ರಾಯಪ್ಪ, ಗಂಟ್ಲು ಹೋದ್ರೂ ಕಸುಬು ಬುಟ್ಟಿಲ್ಲ ಕಣ್ಲಾ ನೀನು!"

ಅಷ್ಟರಲ್ಲಿ ಗುರುಸ್ವಾಮಿಗಳ ಕುದುರೆ ಕಾಣಿಸಿತು. ಪೂಜೆಯಾಯಿತು, ಗಂಟೆಯ ಹಗ್ಗ ಎತ್ತಿ ಕಟ್ಟಿದ್ದೂ ಆಯಿತು. ಗಿಲಕಿಯನ್ನು ಗುರುಸ್ವಾಮಿಗಳು ಎರಡು ಸಲ ತಿರುಗಿಸಿ ನೋಡಿ ಮೇಜಿನ ಮೇಲಿಟ್ಟರು. ಅವರು ಬೈದಿದ್ದರೆ ರಾಯಪ್ಪನಿಗೆ ಸಮಾಧಾನವಾಗುತ್ತಿತ್ತು.

ಮಾರನೆಯ ದಿನ, ಸ್ವಾಮಿ ಪ್ರಾಣ ಬಿಟ್ಟ ದೊಡ್ಡ ಶುಕ್ರವಾರ, ಮಧ್ಯಾಹ್ನ ಮೂರಕ್ಕೆ ಶಿಲುಬೆ ಹಾದಿಯ ಪ್ರಾರ್ಥನೆ. ಜನರನ್ನು ಕರೆಯಬೇಕು. ಇನ್ನಾಸಪ್ಪ ಗಿಲಕಿಯ ಕಡೆ ನೋಡಿ, "ದೊಡ್ಡಪ್ಪ, ಇದ್ನ ಹಿಡ್ಕಂಡು ನಾನು ಬೀದಿಗೆ ಹೋಗಾಕಿಲ್ಲ. ಬೇಕಾದ್ರೆ ಬಾಯಲ್ಲೇ ಕೂಗ್ತೀನಿ," ಎಂದ. ರಾಯಪ್ಪ ತಾನೇ ಎತ್ತಿಕೊಂಡ. ಹೇಗೂ ಇದು ಉಪದೇಶಿಯಾಗಿ ತನ್ನ ಕೊನೆಯ ಕೆಲಸ. ನಗುವವರು ನಗಲಿ.

ಗಿಲಗಿಲ ಎನ್ನುತ್ತ ಮೇಲಿನ ಬೀದಿ ಮುಗಿಯಿತು. ಹಿಂದೆ ಎಂಟು ಹತ್ತು ಮಕ್ಕಳು. ಬಾಗಿಲುಗಳು ತೆರೆದವು, ಮುಖಗಳು ನಗು ತಡೆದುಕೊಂಡವು, ಆದರೂ ಬಂದವು. ಕೆಳಗಿನ ಬೀದಿಯ ಕೊನೆಗೆ ಚೌರಮ್ಮನ ಮನೆ. ಅಲ್ಲಿ ಸದ್ದು ಮಾಡದೆ ದಾಟಿಬಿಡಬೇಕೆಂದು ರಾಯಪ್ಪ ಮೊದಲೇ ನಿಶ್ಚಯಿಸಿದ್ದ. ಎರಡು ವರ್ಷದ ಹಿಂದೆ ಪ್ಲೇಗಿನಲ್ಲಿ ಅವಳ ಒಬ್ಬನೇ ಮಗ ಚಿನ್ನಪ್ಪ ಹೋಗಿದ್ದ. ಅವತ್ತು ರಾಯಪ್ಪ ಬಾಗಿಲಲ್ಲಿ ನಿಂತು ಒಂದೂವರೆ ಗಂಟೆ ಪ್ರಾರ್ಥನೆ ಹೇಳಿದ್ದ. ಅವನ ಲೆಕ್ಕದಲ್ಲಿ ಅಷ್ಟು ಚೆನ್ನಾಗಿ ಎಂದೂ ಹೇಳಿರಲಿಲ್ಲ. ಹೆಣ ಎತ್ತಿದ ಕೂಡಲೇ, ಪ್ರಾರ್ಥನೆಯ ನಡುವೆಯೇ, ಚೌರಮ್ಮ ಬಾಗಿಲು ಹಾಕಿಕೊಂಡಳು. ಅಂದಿನಿಂದ ಗುಡಿಯ ಕಡೆ ತಲೆ ಹಾಕಿರಲಿಲ್ಲ. ದುಃಖಕ್ಕಿಂತ ಸೊಕ್ಕು ದೊಡ್ಡದು ಎಂದು ರಾಯಪ್ಪ ಅವಳನ್ನು ಎಂದೋ ಲೆಕ್ಕದಿಂದ ಹೊಡೆದು ಹಾಕಿದ್ದ.

ಕೈ ತಡೆದು ಹಿಡಿದರೂ ಗಿಲಕಿಯೊಳಗಿನ ಕಲ್ಲು ಉರುಳಿತು. ಬಾಗಿಲು ತೆರೆಯಿತು.

ಚೌರಮ್ಮ ಗಿಲಕಿಯನ್ನು ನೋಡಿದಳು, ಗಿಣಿಯನ್ನು ನೋಡಿದಳು, ಆಮೇಲೆ ಹಿಡಿದವನನ್ನು ನೋಡಿದಳು.

"ನಿಂಗೆ ಮಾತು ಹೋಗೈತಂತೆ, ದಿಟವಾ?"

ರಾಯಪ್ಪ ಹೌದೆಂದು ತಲೆದೂಗಿದ.

"ಅಂಗಾದ್ರೆ ಒಳೀಕೆ ಬಾ ರಾಯಪ್ಪಣ್ಣ."

ಮಕ್ಕಳನ್ನು ಗುಡಿಗೆ ಹೋಗಿರೆಂದು ಸನ್ನೆ ಮಾಡಿ ಅವನು ಒಳಗೆ ಹೋದ. ಅವಳು ಚಾಪೆ ಹಾಕಿದಳು. ತಾನು ಒರಳಿಗೆ ಒರಗಿ ಕೂತಳು. ಆಮೇಲೆ ಶುರುವಾಯಿತು.

"ಅವತ್ತು ಎಷ್ಟೊತ್ತು ಹೇಳ್ದೆ ನೀನು? ದೇವ್ರ ಚಿತ್ತ ಅಂದೆ, ಮಣ್ಣಿಗೆ ಮಣ್ಣು ಅಂದೆ. ನಾನು ನನ್ ಮಗನ ಹೆಸರ್ನ ಒಂದೇ ಒಂದ್ ಕಿತ ಗಟ್ಟಿಯಾಗಿ ಕೂಗ್ಬೇಕು ಅಂತ ಕಾಯ್ತಾ ಇದ್ದೆ. ಎತ್ಕಂಡು ಹೋಗೋ ಮುಂಚೆ, ಒಂದ್ ಕಿತ. ನೀನು ಸಂದು ಕೊಡ್ನಿಲ್ಲ. ನಿನ್ ಗಂಟ್ಲು ಮುಗಿಯೋ ಹೊತ್ಗೆ ಅವ್ನ ಎತ್ಕಂಡು ಹೋಗಿದ್ರು."

ರಾಯಪ್ಪನ ಬಾಯಿ ತೆರೆಯಿತು. ಇಪ್ಪತ್ತೆರಡು ವರ್ಷದ ಅಭ್ಯಾಸ. ಸಮಾಧಾನದ ನಾಲ್ಕು ಮಾತು ತುದಿನಾಲಿಗೆಗೆ ಬಂದೇ ಬಂದವು. ಬಂದದ್ದು ಗಾಳಿ. ಅವನು ಬಾಯಿ ಮುಚ್ಚಿದ. ಹೇಳಲು ಸಾಧ್ಯವಾಗದ್ದಕ್ಕೆ ಆವತ್ತು ಮೊದಲ ಬಾರಿ ಅವನಿಗೆ ಬೇಸರವಾಗಲಿಲ್ಲ.

ಅವಳು ಬೈದಳು, ಅತ್ತಳು, ಮತ್ತೆ ಬೈದಳು. ಚಿನ್ನಪ್ಪ ಈಜು ಕಲಿತದ್ದು, ಮಾವಿನ ಮರದಿಂದ ಬಿದ್ದದ್ದು, ಮುದ್ದೆ ನುಂಗದೆ ಅಗಿಯುತ್ತಿದ್ದದ್ದು, ಎಲ್ಲ ಒಂದರ ಮೇಲೊಂದು ಬಂದವು. ನಡುವೆ ಗುಡಿಯಿಂದ ಇನ್ನಾಸಪ್ಪನ ಸಣ್ಣ ದನಿ ಕೇಳಿಸತೊಡಗಿತು. ಶಿಲುಬೆ ಹಾದಿ ಶುರುವಾಗಿತ್ತು. ಉಪದೇಶಿಯಾದವನು ದೊಡ್ಡ ಶುಕ್ರವಾರ ಗುಡಿಯಲ್ಲಿಲ್ಲ, ಗುರುಸ್ವಾಮಿಗಳು ಬಂದಿದ್ದಾರೆ, ಮನೆ ಹೋಗುತ್ತದೆ. ಎದ್ದು ಹೋಗಲು ಇನ್ನೂ ಸಮಯವಿತ್ತು. ರಾಯಪ್ಪ ಚೌರಮ್ಮನ ಮುಖ ನೋಡಿದ. ಅವಳು ಇನ್ನೂ ಮಾವಿನ ಮರದ ಕೆಳಗಿದ್ದಳು. ಅವನು ಏಳಲಿಲ್ಲ.

ಎಷ್ಟು ಹೊತ್ತಾಯಿತೋ. ಅವಳು ಸುಮ್ಮನಾದ ಮೇಲೆ ಅವನೂ ಸುಮ್ಮನೆ ಕೂತಿದ್ದ. ಒಂದೇ ಒಂದು ಮಂತ್ರವೂ ಮನಸ್ಸಿಗೆ ಬರಲಿಲ್ಲ. ಆದರೂ ಆ ಮಣ್ಣಿನ ಗೋಡೆಯ ಕೋಣೆಯಲ್ಲಿ ತಾವಿಬ್ಬರೇ ಇಲ್ಲವೆಂದು ಅವನಿಗೆ ಗಟ್ಟಿಯಾಗಿ ಅನ್ನಿಸಿತು. ಮೂರನೆಯವನೊಬ್ಬ ಮೊದಲಿನಿಂದಲೂ ಅಲ್ಲೇ ಕೂತು, ಮಗನನ್ನು ಕಳೆದುಕೊಂಡವಳ ಮಾತನ್ನು ಇವನಿಗಿಂತ ತಾಳ್ಮೆಯಿಂದ ಕೇಳುತ್ತಿದ್ದ. ಅಲ್ಲಿ ಯಾವ ಕೋಳಿಯೂ ಅಡ್ಡ ಬರಲಿಲ್ಲ.

ಪ್ರಾರ್ಥನೆ ಮುಗಿಸಿ ಗುರುಸ್ವಾಮಿಗಳು ಇನ್ನಾಸಪ್ಪನ ಜೊತೆ ಹುಡುಕಿಕೊಂಡು ಬಂದರು. ಬಾಗಿಲಲ್ಲಿ ಬಗ್ಗಿ ನೋಡಿದರು. ಅವರದು ಪುಸ್ತಕದ ಕನ್ನಡ.

"ರಾಯಪ್ಪ, ಇಂಥ ದಿನ ನೀನು ಇಲ್ಲಿ ಏಕೆ ಇರುವೆ? ಸ್ವರ ಬಂದಿತೇ?"

ರಾಯಪ್ಪ ಇಲ್ಲವೆಂದು ತಲೆಯಾಡಿಸಿದ. ಜೇಬಿನಿಂದ ಪೆನ್ಸಿಲ್ ತೆಗೆದು ಚೀಟಿಯ ಮೇಲೆ ಬರೆದ. ಈ ಸಲ ಅಕ್ಷರ ಅಷ್ಟು ಚೆನ್ನಾಗಿರಲಿಲ್ಲ. 'ಕೆಲಸ, ಮನೆ ಎರಡನ್ನೂ ಇನ್ನಾಸಪ್ಪನಿಗೆ ಕೊಡಿ. ಸಾವಾದ ಮನೆಗಳಿಗೆ ಹೋಗಲು ನನಗೆ ಅಪ್ಪಣೆ ಕೊಡಿ.'

ಗುರುಸ್ವಾಮಿಗಳು ಎರಡು ಸಲ ಓದಿಕೊಂಡರು. "ಹೋಗಿ ಏನು ಮಾಡುವೆ? ನಿನಗೆ ಮಾತು ಇಲ್ಲವಲ್ಲ?"

ಉತ್ತರ ಚೌರಮ್ಮನಿಂದ ಬಂತು. "ಸುಮ್ಕೆ ಕೂತ್ಕತಾನೆ ಸ್ವಾಮಿ. ಚೆನ್ನಾಗಿ ಕೂತ್ಕತಾನೆ."

ಪಾಸ್ಕ ಹಬ್ಬದ ಮಾರನೆಯ ದಿನ ಮುನಿಯಪ್ಪ ಗಾಡಿ ಕಟ್ಟಿ ಕೊಟ್ಟ. ಕೆರೆಯ ಪಕ್ಕ ಅವನದೊಂದು ಹುಲ್ಲಿನ ಮನೆ ಖಾಲಿ ಬಿದ್ದಿತ್ತು. ಪಾತ್ರೆ ಪರಡಿ, ಚಾಪೆ, ಎರಡು ಕೋಳಿ ಒಂದೇ ಸರದಿಗೆ ಸಾಗಿದವು. ಮದಲೇನಮ್ಮ ಹುಲ್ಲಿನ ಮಾಡು ನೋಡಿ, "ಮಳೇಲಿ ಸೋರಿದ್ರೆ ನೀವೇ ಪಾತ್ರೆ ಹಿಡ್ಕಂಡು ನಿಂತ್ಕಬೇಕು, ಈಗ್ಲೇ ಹೇಳಿವ್ನಿ," ಎಂದಳು. ಸಂಜೆಯ ಹೊತ್ತಿಗೆ ಗೋಡೆಗೆ ಸುಣ್ಣ ಬಳಿಯುತ್ತ ಏನೋ ಗುನುಗುತ್ತಿದ್ದಳು. ಅವಳಿಗೆ ಹಾಡು ಬರುತ್ತದೆಂದು ರಾಯಪ್ಪನಿಗೆ ಗೊತ್ತೇ ಇರಲಿಲ್ಲ.

ದನಿ ಮಾತ್ರ ಬರಲಿಲ್ಲ. ಬೆಳಿಗ್ಗೆ ಎದ್ದಾಗ ಒಮ್ಮೆ ಗಂಟಲು ಸರಿಮಾಡಿ ನೋಡುತ್ತಿದ್ದ, ಗಾಳಿ. ನೋವಿರಲಿಲ್ಲವೆಂದಲ್ಲ. ಗುಡಿಯಲ್ಲಿ ಇನ್ನಾಸಪ್ಪ ಸಾಲು ನುಂಗಿದಾಗಲೆಲ್ಲ ಹಿಂದೆ ಕೂತ ರಾಯಪ್ಪನ ಕೈ ತುರಿಸುತ್ತಿತ್ತು.

ಹದಿನೈದು ದಿನದ ಮೇಲೆ ಒಂದು ಮಧ್ಯಾಹ್ನ ಇನ್ನಾಸಪ್ಪ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಓಡಿಬಂದ. "ದೊಡ್ಡಪ್ಪ, ಯಾಗಪ್ಪಜ್ಜನ ಹೆಂಡ್ತಿ ತೀರ್ಕಂಡ್ರು. ನಂಗೆ ಸಾವಿನ ಮನೆ ಹೊಸದು. ಏನ್ ಹೇಳ್ಬೇಕೋ ತಿಳೀತಿಲ್ಲ. ಬನ್ನಿ ನೀವು."

ರಾಯಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಹೊರಟ. ದಾರಿಯುದ್ದಕ್ಕೂ ಇನ್ನಾಸಪ್ಪ ಪುಸ್ತಕದ ಸಾಲುಗಳನ್ನು ಒಪ್ಪಿಸುತ್ತಿದ್ದ. ಹೊಸ್ತಿಲಲ್ಲಿ ರಾಯಪ್ಪ ಅವನ ರಟ್ಟೆ ಹಿಡಿದು ನೆಲದ ಮೇಲೆ ಕೂರಿಸಿದ, ತಾನೂ ಪಕ್ಕದಲ್ಲಿ ಕೂತ. ಮೂಲೆಯಲ್ಲಿ ಯಾಗಪ್ಪಜ್ಜ ಗೋಡೆ ನೋಡುತ್ತಿದ್ದ. ಇನ್ನಾಸಪ್ಪ ಬೆವರು ಒರೆಸಿಕೊಂಡ, ಕಾಲು ಬದಲಾಯಿಸಿದ, ಪುಸ್ತಕ ತೆರೆದ.

"ಈಗ ಹೇಳ್ಲಾ ದೊಡ್ಡಪ್ಪ?" ಎಂದು ಕಿವಿಯಲ್ಲಿ ಕೇಳಿದ.

ರಾಯಪ್ಪ ಬೇಡವೆಂದು ತಲೆಯಾಡಿಸಿದ.

ಇನ್ನಷ್ಟು ಹೊತ್ತು ಹೋಯಿತು. ಗೋಡೆಯ ಕಡೆಗೇ ಮುಖ ಮಾಡಿಕೊಂಡು ಮುದುಕ ತಾನಾಗಿ ಬಾಯಿ ತೆರೆದ.

"ಸಾರಿಗೆ ಉಪ್ಪು ಜಾಸ್ತಿ ಹಾಕೋಳು ಕಣ್ಲಾ. ಐವತ್ತು ವರ್ಸ ಹೇಳ್ದೆ. ಒಂದಿನಾನೂ ಕೇಳ್ನಿಲ್ಲ."

ಇನ್ನಾಸಪ್ಪ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು ಅಜ್ಜನ ಹತ್ತಿರಕ್ಕೆ ಸರಿದು ಕೂತ.